ಸವಾರಿ ಮುಗಿಯಿತು, ಕಥೆ ಉಳಿಯಿತು

ಸೈಕಲ್ ಏರಿ ನಾಲ್ಕು ಊರು ಸುತ್ತಿ ಬಂದವರು ಸುಮ್ಮನೆ ಕೂರುವುದಿಲ್ಲ. ಎಷ್ಟು ದೂರ ಹೋದೆವು, ಯಾವ ಏರಿನಲ್ಲಿ ಇಳಿದು ತಳ್ಳಬೇಕಾಯಿತು, ಎಲ್ಲಿ ಪಂಕ್ಚರ್ ಆಯಿತು, ಯಾವ ಹೋಟೆಲಿನಲ್ಲಿ ಬಿಸಿ ಇಡ್ಲಿ ಸಿಕ್ಕಿತು, ಯಾವ ಊರಿನ ನಾಯಿ ಅಟ್ಟಿಸಿಕೊಂಡು ಬಂತು ಎಂಬುದನ್ನೆಲ್ಲ ಯಾರಿಗಾದರೂ ಹೇಳಲೇಬೇಕು. ಅದೇ ದಾರಿಯಲ್ಲಿ ಬಸ್ಸಿನಲ್ಲಿ ಹೋಗಿ ಬಂದವರಿಗೆ ಹೇಳಲು ಇಷ್ಟೊಂದು ಇರುವುದಿಲ್ಲ. ಕಿಟಕಿಯ ಪಕ್ಕ ಕುಳಿತವರಿಗೆ ದಾರಿ ಒಂದು ನೋಟ ಮಾತ್ರ. ಕಾಲಿನ ಬಲದಿಂದಲೇ ದಾರಿ ಸವೆಸಿದವರಿಗೆ ಅದರ ಒಂದೊಂದು ಉಬ್ಬುತಗ್ಗೂ ಮೈಗೆ ಗೊತ್ತಿರುತ್ತದೆ.

ಹೀಗೆ ಸವಾರಿಯ ಕಥೆ ಹೇಳಿಕೊಳ್ಳುವುದು ಬರಿಯ ಜಂಬ ಎಂದು ತಳ್ಳಿಹಾಕುವಂತಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಯುರೋಪು ಮತ್ತು ಅಮೆರಿಕದ ಸವಾರರು ಬರೆದು ಹಂಚಿಕೊಂಡ ಇಂಥ ಕಥನಗಳಿಂದಲೇ ಅಪಾಯದ ಇಳಿಜಾರುಗಳಿಗೆ ಎಚ್ಚರಿಕೆಯ ಫಲಕ ಬಂತು, ಹಾಳುಬಿದ್ದ ವಸತಿಗೃಹಗಳ ಬಾಗಿಲು ತೆರೆಯಿತು, ಕೆಟ್ಟ ರಸ್ತೆಗಳ ವಿರುದ್ಧ ಚಳವಳಿ ಬೆಳೆಯಿತು. ಅದೇ ಕಥನಗಳ ಆಸೆಗೆ ಬಿದ್ದು ಒಬ್ಬ ತರುಣ ಪ್ರಾಣವನ್ನೂ ಕಳೆದುಕೊಂಡ. ಬಿಡುವಿನ ಮೋಜಾಗಿ ಹುಟ್ಟಿದ ಒಂದು ಬರವಣಿಗೆ ಇಷ್ಟೆಲ್ಲ ಮಾಡಿದ್ದು ಹೇಗೆ ಎಂಬುದು ಸಾರಿಗೆಯ ಇತಿಹಾಸದ ಒಂದು ಸ್ವಾರಸ್ಯಕರ ಅಧ್ಯಾಯ.

ಮೊದಲ ಸವಾರಿ, ಮೊದಲ ವರದಿ

ಸೈಕಲ್ಲಿನ ಮೂಲಪುರುಷ ಎನ್ನಬಹುದಾದವನು ಜರ್ಮನಿಯ ಬಾಡೆನ್ ಸಂಸ್ಥಾನದ ಅರಣ್ಯಾಧಿಕಾರಿ ಕಾರ್ಲ್ ಫಾನ್ ಡ್ರೈಸ್. 1817ರ ಜೂನ್ 12ರಂದು ಅವನು ಮಾನ್‌ಹೈಮ್ ನಗರದಿಂದ ಹೊರಟು, ತಾನೇ ರೂಪಿಸಿದ ಎರಡು ಚಕ್ರಗಳ ಮರದ ಗಾಡಿಯ ಮೇಲೆ ಕುಳಿತು, ಹತ್ತಿರದ ಒಂದು ವಿಶ್ರಾಂತಿ ತಾಣದವರೆಗೆ ಹೋಗಿ ಹಿಂದಿರುಗಿದ. ಗಾಡಿಗೆ ಪೆಡಲ್ ಇರಲಿಲ್ಲ, ಸರಪಳಿ ಇರಲಿಲ್ಲ. ಕಾಲಿನಿಂದ ನೆಲವನ್ನು ಹಿಂದಕ್ಕೆ ಒದೆಯುತ್ತ ಮುಂದೆ ಸಾಗಬೇಕಿತ್ತು. ಆದರೂ ಸುಮಾರು 13 ಕಿ.ಮೀ. ದೂರವನ್ನು ಅವನು ಒಂದು ಗಂಟೆಯೊಳಗೆ ಮುಗಿಸಿದ. ಆರೇಳು ವಾರಗಳಲ್ಲಿ ಬಾಡೆನ್‌ನ ಪತ್ರಿಕೆಯೊಂದರಲ್ಲಿ ಈ ಪ್ರಯಾಣದ ಸುದ್ದಿ ಅಚ್ಚಾಯಿತು. ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿನಲ್ಲಿ ಎಂಬ ವಿವರ ಅದರಲ್ಲಿತ್ತು. ದ್ವಿಚಕ್ರ ಸವಾರಿ ಮತ್ತು ಅದರ ವರದಿ ಹೀಗೆ ಹೆಚ್ಚುಕಡಿಮೆ ಜೊತೆಯಾಗಿಯೇ ಹುಟ್ಟಿದವು.

1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂದಿನ ಚಕ್ರಕ್ಕೆ ಪೆಡಲ್ ಜೋಡಿಸಿದ ಗಾಡಿಗಳು ಬಂದವು. 1869ರ ಫೆಬ್ರವರಿಯಲ್ಲಿ ಮೂವರು ಗೆಳೆಯರು ಲಂಡನ್ನಿನಿಂದ ಸಮುದ್ರತೀರದ ಬ್ರೈಟನ್‌ಗೆ ಇಂಥ ಗಾಡಿಗಳ ಮೇಲೆ ಹೊರಟದ್ದನ್ನು ಲಂಡನ್ನಿನ ‘ಟೈಮ್ಸ್’ ಪತ್ರಿಕೆ ದೊಡ್ಡ ಸಾಹಸವೆಂಬಂತೆ ಪ್ರಕಟಿಸಿತು. 1873ರಲ್ಲಿ ನಾಲ್ವರು ಲಂಡನ್ನಿನಿಂದ ಸ್ಕಾಟ್ಲೆಂಡಿನ ಉತ್ತರ ತುದಿಯವರೆಗೆ ಸುಮಾರು ಎರಡು ವಾರಗಳಲ್ಲಿ ಸೈಕಲ್ ತುಳಿದರು. ಅಷ್ಟರಲ್ಲಿ ಮುಂದಿನ ಚಕ್ರ ಎದೆಯೆತ್ತರಕ್ಕೆ ಬೆಳೆದು, ಹಿಂದಿನದು ಪುಟ್ಟದಾಗಿ ಉಳಿದ ‘ಎತ್ತರ ಚಕ್ರ’ದ ಸೈಕಲ್ಲುಗಳು ರೂಢಿಗೆ ಬರುತ್ತಿದ್ದವು. ದಾರಿಯಲ್ಲಿ ಒಂದು ಕಲ್ಲು ಅಡ್ಡಬಂದರೆ ಸವಾರ ಹ್ಯಾಂಡಲ್ ದಾಟಿ ತಲೆಕೆಳಗಾಗಿ ಬೀಳುತ್ತಿದ್ದ. ಆದ್ದರಿಂದ ಮುಂದಿನ ರಸ್ತೆ ಹೇಗಿದೆ ಎಂದು ಮೊದಲೇ ತಿಳಿಯುವುದು ಜೀವನ್ಮರಣದ ಪ್ರಶ್ನೆಯೇ ಆಗಿತ್ತು.

ಹಾಗೆ ತಿಳಿಯುವ ದಾರಿ ಮಾತ್ರ ಇರಲಿಲ್ಲ. ಇದಕ್ಕೆ ಕಾರಣ ರೈಲು. 1830ರ ನಂತರ ಇಂಗ್ಲೆಂಡಿನಲ್ಲಿ ರೈಲು ಹರಡಿದಂತೆ ಊರಿಂದೂರಿಗೆ ಓಡುತ್ತಿದ್ದ ಸಾರೋಟುಗಳು ಮಾಯವಾದವು. ಸುಂಕ ಕೊಡುವವರಿಲ್ಲದೆ ಹೆದ್ದಾರಿಗಳ ದುರಸ್ತಿ ನಿಂತಿತು. ಕುದುರೆ ಬದಲಿಸುತ್ತಿದ್ದ, ಪಯಣಿಗರಿಗೆ ಊಟ ಹಾಕುತ್ತಿದ್ದ ದಾರಿಬದಿಯ ವಸತಿಗೃಹಗಳು ಒಂದೊಂದಾಗಿ ಸೊರಗಿದವು. ಒಂದು ಇಡೀ ತಲೆಮಾರು ದೂರದ ಊರಿಗೆ ರಸ್ತೆಯಲ್ಲಿ ಹೋಗುವುದನ್ನೇ ಮರೆತಿತ್ತು. ಮರೆತುಹೋದ ಆ ರಸ್ತೆಗೆ ಮತ್ತೆ ಇಳಿದವನು ಸೈಕಲ್ ಸವಾರ. ಅವನಿಗೆ ದಾರಿ ತಿಳಿಸಬಲ್ಲವನು ಇನ್ನೊಬ್ಬ ಸೈಕಲ್ ಸವಾರ ಮಾತ್ರ.

ಸಂಘ ಕಟ್ಟಿದ ಕಥನಗಳು

1878ರ ಆಗಸ್ಟ್ ತಿಂಗಳಲ್ಲಿ ಇಂಗ್ಲೆಂಡಿನ ಹ್ಯಾರೊಗೇಟ್‌ನಲ್ಲಿ ಸೇರಿದ ಸವಾರರು ‘ಬೈಸಿಕಲ್ ಟೂರಿಂಗ್ ಕ್ಲಬ್’ ಸ್ಥಾಪಿಸಿದರು. ಇದರ ಹಿಂದಿನ ಮುಖ್ಯ ಪ್ರೇರಣೆ ಸ್ಟಾನ್ಲಿ ಕಾಟೆರೆಲ್ ಎಂಬ ತರುಣ. ಮೂರು ಚಕ್ರದ ಸವಾರರನ್ನೂ ಸೇರಿಸಿಕೊಳ್ಳಲು 1883ರಲ್ಲಿ ಅದು ‘ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್’ ಎಂದು ಹೆಸರು ಬದಲಿಸಿಕೊಂಡಿತು. ಪಂದ್ಯಗಳ ಗೊಡವೆಗೆ ಹೋಗದೆ, ಸೈಕಲ್ಲಿನಲ್ಲಿ ನಾಡು ಸುತ್ತುವವರಿಗೆ ನೆರವಾಗುವುದೇ ಅದರ ಕೆಲಸವಾಗಿತ್ತು.

ಸಂಘದ ಮಾಸಪತ್ರಿಕೆಯಲ್ಲಿ ಸದಸ್ಯರು ತಮ್ಮ ಪ್ರವಾಸಗಳನ್ನು ಬರೆಯುತ್ತಿದ್ದರು. ಊರಿನಿಂದ ಊರಿಗೆ ಎಷ್ಟು ಮೈಲಿ, ರಸ್ತೆಗೆ ಹಾಕಿರುವುದು ಜಲ್ಲಿಯೋ ಮರಳೋ, ಯಾವ ಗುಡ್ಡವನ್ನು ಇಳಿಯುವಾಗ ಸೈಕಲ್ಲಿನಿಂದ ಇಳಿದುಬಿಡುವುದು ಕ್ಷೇಮ, ಯಾವ ಊರಿನಲ್ಲಿ ಶುಚಿಯಾದ ಹಾಸಿಗೆ ಸಿಗುತ್ತದೆ ಎಂಬ ವಿವರಗಳೇ ಇಂಥ ಬರಹಗಳ ಜೀವಾಳ. ಬೆಟ್ಟದ ಸೂರ್ಯೋದಯದ ವರ್ಣನೆ ನಂತರದ ಮಾತು. ಇಂದು ಓದಿದರೆ ಒಣ ಲೆಕ್ಕಪತ್ರದಂತೆ ಕಾಣುವ ಈ ವಿವರಗಳಿಗಾಗಿಯೇ ಅಂದಿನ ಓದುಗರು ಕಾದಿರುತ್ತಿದ್ದರು.

ಸಂಘ ಇಂಥ ಮಾಹಿತಿಯನ್ನು ಪತ್ರಿಕೆಯಲ್ಲಿ ಅಚ್ಚುಹಾಕಿ ಕೈತೊಳೆದುಕೊಳ್ಳಲಿಲ್ಲ. ಊರೂರಿನಲ್ಲಿ ತನ್ನ ಪ್ರತಿನಿಧಿಗಳನ್ನು ನೇಮಿಸಿ, ಅವರಿಗೆ ರಾಯಭಾರಿಗಳೆಂಬ ಗತ್ತಿನ ಹೆಸರನ್ನೂ ಕೊಟ್ಟಿತು. ಹೊಸಬರು ಊರಿಗೆ ಬಂದರೆ ದಾರಿ ಹೇಳುವುದು ಅವರ ಹೊಣೆ. ಸದಸ್ಯರನ್ನು ನಿಗದಿತ ದರದಲ್ಲಿ ಉಪಚರಿಸಲು ಒಪ್ಪಿದ ಹೋಟೆಲುಗಳ ಪಟ್ಟಿಯನ್ನು ಕೈಪಿಡಿಯಲ್ಲಿ ಪ್ರಕಟಿಸಿತು. ಅಂಥ ಹೋಟೆಲುಗಳ ಗೋಡೆಯ ಮೇಲೆ ರೆಕ್ಕೆಯಿರುವ ಚಕ್ರದ ಲಾಂಛನ ತೂಗಾಡುತ್ತಿತ್ತು. ಕಡಿದಾದ ಇಳಿಜಾರುಗಳ ತಲೆಯಲ್ಲಿ ‘ಸೈಕಲ್ ಸವಾರರಿಗೆ ಅಪಾಯ’ ಎಂಬ ಅರ್ಥದ ಫಲಕಗಳನ್ನು ಸ್ವಂತ ಖರ್ಚಿನಲ್ಲಿ ನೆಟ್ಟಿತು. ಇಂದು ಘಟ್ಟದ ತಿರುವಿನಲ್ಲಿ ಕಾಣುವ ಎಚ್ಚರಿಕೆಯ ಫಲಕಗಳ ಹಿರಿಯರಲ್ಲಿ ಇವೂ ಸೇರಿವೆ. ಯಾವನೋ ಬಿದ್ದು ಎದ್ದು ಬರೆದ ಅನುಭವ ಮುಂದೆ ಬರುವವನ ಮೂಳೆ ಉಳಿಸುತ್ತಿತ್ತು. 1899ರ ವೇಳೆಗೆ ಸಂಘದ ಸದಸ್ಯರ ಸಂಖ್ಯೆ 60 ಸಾವಿರ ಮೀರಿತ್ತು.

ಅಮೆರಿಕದಲ್ಲೂ ಇದೇ ನಡೆಯಿತು. 1880ರಲ್ಲಿ ಹುಟ್ಟಿದ ‘ಲೀಗ್ ಆಫ್ ಅಮೆರಿಕನ್ ವ್ಹೀಲ್‌ಮೆನ್’ ಸಂಘದ ಸದಸ್ಯರು ಕೆಸರು ತುಂಬಿದ ಹಳ್ಳಿ ರಸ್ತೆಗಳ ಪಾಡನ್ನು ಬರೆದು ಬರೆದು, ಕೊನೆಗೆ ಅದನ್ನು ರಾಜಕೀಯದ ವಿಷಯವಾಗಿಸಿದರು. 1892ರಲ್ಲಿ ಒಳ್ಳೆಯ ರಸ್ತೆಗಳಿಗಾಗಿಯೇ ಒಂದು ಪತ್ರಿಕೆ ಹೊರಟಿತು. ಮರುವರ್ಷ ಅಮೆರಿಕದ ಕೃಷಿ ಇಲಾಖೆಯಲ್ಲಿ ರಸ್ತೆಗಳ ವಿಚಾರಣೆಗೆ ಪ್ರತ್ಯೇಕ ಕಚೇರಿ ತೆರೆಯಿತು. ಮೋಟಾರು ಕಾರಿಗಾಗಿ ಡಾಂಬರು ರಸ್ತೆ ಬಂತೆಂದು ನಾವು ತಿಳಿದಿರುವುದುಂಟು. ಒಳ್ಳೆಯ ರಸ್ತೆ ಬೇಕೆಂದು ಮೊದಲು ಗದ್ದಲ ಎಬ್ಬಿಸಿದವರಲ್ಲಿ ಸೈಕಲ್ಲಿನವರೇ ಮುಂದಿದ್ದರು.

ಹತ್ತು ಸಾವಿರ ಮೈಲಿಯ ಲೆಕ್ಕ

ಸವಾರಿ ಬರೆದಿಡುವ ಹುಚ್ಚು ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ನ್ಯೂಯಾರ್ಕಿನ ಲೈಮನ್ ಹಾಚ್‌ಕಿಸ್ ಬ್ಯಾಗ್ ಸಾಕ್ಷಿ. ಯೇಲ್ ವಿಶ್ವವಿದ್ಯಾಲಯದ ಪದವೀಧರನಾದ ಇವನು ‘ಕಾರ್ಲ್ ಕ್ರಾನ್’ ಎಂಬ ಗುಪ್ತನಾಮದಿಂದ ಬರೆಯುತ್ತಿದ್ದ. 1879ರಲ್ಲಿ ಎತ್ತರ ಚಕ್ರದ ಸೈಕಲ್ ಕೊಂಡಂದಿನಿಂದ ತುಳಿದ ಪ್ರತಿ ಮೈಲಿಯನ್ನೂ ದಾಖಲಿಸಿದ. 1887ರಲ್ಲಿ ಅದನ್ನೆಲ್ಲ ‘ಬೈಸಿಕಲ್ ಮೇಲೆ ಹತ್ತು ಸಾವಿರ ಮೈಲಿ’ ಎಂಬ ಅರ್ಥದ ಹೆಸರಿನಲ್ಲಿ ತಾನೇ ಪ್ರಕಟಿಸಿದ. ಸಣ್ಣ ಅಕ್ಷರಗಳಲ್ಲಿ 800 ಪುಟ ಮೀರಿದ ಗ್ರಂಥ. ಅರ್ಪಣೆ, ತಾನು ಸಾಕಿದ್ದ ಬುಲ್‌ಡಾಗ್ ನಾಯಿಗೆ.

ಪ್ರಕಾಶಕರು ಮುಟ್ಟಲಾರದ ಇಂಥ ಪುಸ್ತಕಕ್ಕೆ ಅವನು ಊರೂರಿನ ಸವಾರರಿಗೆ ಪತ್ರ ಬರೆದು ಮುಂಗಡ ಚಂದಾದಾರರನ್ನು ಹುಡುಕಿದ. ತಲಾ ಒಂದು ಡಾಲರಿನಂತೆ ಮೂರು ಸಾವಿರಕ್ಕೂ ಹೆಚ್ಚು ಮಂದಿ ಹೆಸರು ಕೊಟ್ಟರು. ಆ ಹೆಸರುಗಳ ಪಟ್ಟಿಯೂ ಪುಸ್ತಕದಲ್ಲಿ ಸೇರಿತು. ಇತರ ಸವಾರರು ಕಳುಹಿಸಿದ ದಾರಿಗಳ ವಿವರಗಳಿಗೂ ಅಲ್ಲಿ ಜಾಗವಿತ್ತು. ಕಾದಂಬರಿಯಂತೆ ಯಾರೂ ಅದನ್ನು ಮೊದಲಿಂದ ಕೊನೆಯವರೆಗೆ ಓದಿರಲಾರರು. ತಮ್ಮ ಊರಿನ ರಸ್ತೆಯ ಬಗ್ಗೆ ಏನಿದೆ ಎಂದು ಹುಡುಕಿ ನೋಡಿ ಖುಷಿಪಡುವ ಪುಸ್ತಕ ಅದು. ಓದುಗರೇ ಬರಹಗಾರರೂ ಪೋಷಕರೂ ಆದ ಇಂಥ ಕೃತಿ ಆ ಕಾಲಕ್ಕೆ ಅಪರೂಪ.

ಪತ್ರಿಕೆ ಕಳುಹಿಸಿದ ಸವಾರರು

ಕ್ರಾನ್ ತನ್ನ ಸುತ್ತಲಿನ ರಸ್ತೆಗಳನ್ನು ಬರೆಯುತ್ತಿದ್ದಾಗ ಇನ್ನೊಬ್ಬ ಭೂಮಿಯನ್ನೇ ಸುತ್ತುತ್ತಿದ್ದ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋಗಿದ್ದ ಥಾಮಸ್ ಸ್ಟೀವನ್ಸ್ 1884ರ ಏಪ್ರಿಲ್ 22ರಂದು ಸ್ಯಾನ್‌ಫ್ರಾನ್ಸಿಸ್ಕೊದಿಂದ ಎತ್ತರ ಚಕ್ರದ ಸೈಕಲ್ ಏರಿ ಹೊರಟ. ಜೊತೆಗಿದ್ದದ್ದು ಒಂದಷ್ಟು ಕಾಲುಚೀಲ, ಒಂದು ಹೆಚ್ಚುವರಿ ಅಂಗಿ, ಮಳೆಗೆ ಹೊದಿಕೆಯೂ ರಾತ್ರಿಗೆ ಗುಡಾರವೂ ಆಗುವ ಕೋಟು ಮತ್ತು ಒಂದು ಪಿಸ್ತೂಲು. ಆಗಸ್ಟಿನಲ್ಲಿ ಬಾಸ್ಟನ್ ತಲುಪಿ, ಅಮೆರಿಕವನ್ನು ಸೈಕಲ್ಲಿನಲ್ಲಿ ದಾಟಿದ ಮೊದಲಿಗನಾದ. ನಂತರ ‘ಔಟಿಂಗ್’ ಎಂಬ ಮಾಸಪತ್ರಿಕೆಯ ಬೆಂಬಲದಿಂದ ಯುರೋಪು, ತುರ್ಕಿ ದಾಟಿ ಪರ್ಷಿಯಾದ ತೆಹರಾನಿನಲ್ಲಿ ಚಳಿಗಾಲ ಕಳೆದ. ಅಫ್ಘಾನಿಸ್ತಾನದಲ್ಲಿ ಅವನನ್ನು ಹಿಡಿದು ಹಿಂದಕ್ಕೆ ಕಳುಹಿಸಿದರು. ಬಳಸುದಾರಿಯಲ್ಲಿ ಹಡಗು ಹತ್ತಿ ಕರಾಚಿಗೆ ಬಂದು, 1886ರಲ್ಲಿ ಲಾಹೋರಿನಿಂದ ಕಲ್ಕತ್ತೆಯವರೆಗೆ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ಸೈಕಲ್ ತುಳಿದ. ಚೀನಾ ಮತ್ತು ಜಪಾನ್ ಮುಗಿಸಿ ಅದೇ ವರ್ಷದ ಡಿಸೆಂಬರಿನಲ್ಲಿ ಯೊಕೊಹಾಮಾ ತಲುಪಿದಾಗ ಸುಮಾರು 13,500 ಮೈಲಿ ಕ್ರಮಿಸಿದ್ದ. ದಾರಿಯುದ್ದಕ್ಕೂ ಅವನು ಕಳುಹಿಸಿದ ಬರಹಗಳು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, ಮುಂದೆ ಎರಡು ಸಂಪುಟಗಳಾದವು.

ಇಲ್ಲಿ ಸವಾರಿಯ ಕಥನ ಒಂದು ಹೊಸ ತಿರುವು ಪಡೆಯಿತು. ಸಂಘದ ಪತ್ರಿಕೆ ಓದುವವನು ನಾಳೆ ಅದೇ ದಾರಿಯಲ್ಲಿ ಹೋಗಬಹುದಾದವನು. ಸ್ಟೀವನ್ಸ್‌ನನ್ನು ಓದುವವನು ಆರಾಮಕುರ್ಚಿ ಬಿಟ್ಟು ಏಳಬೇಕಿರಲಿಲ್ಲ. ಅವನಿಗೆ ದಾರಿಯ ಅಳತೆಗಿಂತ ಅಪಾಯದ ಕಥೆ ಮುಖ್ಯ. ಪತ್ರಿಕೆಗಳಿಗೆ ಈ ರುಚಿ ಸಿಕ್ಕಿತು. ತಾವು ಸುದ್ದಿ ಮಾಡಬೇಕಾದರೆ ಸವಾರನನ್ನು ತಾವೇ ಕಳುಹಿಸಬೇಕು ಎಂಬ ಲೆಕ್ಕಾಚಾರ ಶುರುವಾಯಿತು.

ಅದರ ಬೆಲೆ ತೆತ್ತವನು ಪಿಟ್ಸ್‌ಬರ್ಗ್‌ನ ಫ್ರಾಂಕ್ ಲೆನ್ಜ್. ಲೆಕ್ಕಪತ್ರದ ಗುಮಾಸ್ತನಾಗಿದ್ದ ಈ ಇಪ್ಪತ್ತೈದರ ಆಸುಪಾಸಿನ ತರುಣ 1892ರಲ್ಲಿ ‘ಔಟಿಂಗ್’ ಪತ್ರಿಕೆಯ ಪರವಾಗಿ ಕ್ಯಾಮೆರಾ ಸಮೇತ ಒಬ್ಬನೇ ಹೊರಟ. ಅವನದು ಗಾಳಿ ತುಂಬಿದ ಟೈರುಗಳ, ಎರಡೂ ಚಕ್ರ ಸಮನಾದ ಹೊಸ ಮಾದರಿಯ ಸೈಕಲ್. ಜಪಾನ್, ಚೀನಾ, ಬರ್ಮಾ, ಭಾರತ, ಪರ್ಷಿಯಾ ದಾಟಿ 1894ರ ಮೇ ತಿಂಗಳಲ್ಲಿ ತುರ್ಕಿಯ ಪೂರ್ವದ ಎರ್ಜುರಂ ಪಟ್ಟಣದ ಕಡೆ ಹೊರಟವನು ಅಲ್ಲಿಗೆ ತಲುಪಲೇ ಇಲ್ಲ. ಅವನು ಕಾಣೆಯಾದ ಬಳಿಕವೂ ಅವನ ಹಿಂದಿನ ಲೇಖನಗಳು ಪತ್ರಿಕೆಯಲ್ಲಿ ಪ್ರಕಟವಾಗುತ್ತಲೇ ಇದ್ದವು. ಬರೆದ ಕೈ ಎಲ್ಲಿದೆಯೆಂದು ತಾಯಿಗೂ ತಿಳಿಯದಿದ್ದಾಗ, ಓದುಗರು ಅವನೊಂದಿಗೆ ಚೀನಾದ ದಾರಿಗಳಲ್ಲಿ ಸಾಗುತ್ತಿದ್ದರು.

1895ರಲ್ಲಿ ಪತ್ರಿಕೆ ಅವನನ್ನು ಹುಡುಕಲು ಕಳುಹಿಸಿದ್ದು ಇನ್ನೊಬ್ಬ ಸೈಕಲ್ ಸವಾರನನ್ನೇ. ವಿಲಿಯಂ ಸ್ಯಾಕ್ಟ್ಲ್‌ಬೆನ್ ತನ್ನ ಗೆಳೆಯ ಥಾಮಸ್ ಅಲೆನ್ ಜೊತೆ ತುರ್ಕಿಯಿಂದ ಪೀಕಿಂಗ್‌ವರೆಗೆ ಸೈಕಲ್ ತುಳಿದವನು, ಆ ದಾರಿ ಬಲ್ಲವನು. ಲೆನ್ಜ್ ಕೊಲೆಯಾಗಿದ್ದಾನೆ ಎಂಬ ತೀರ್ಮಾನಕ್ಕೆ ಅವನು ಬಂದ. ದೇಹ ಮಾತ್ರ ಎಂದೂ ಸಿಗಲಿಲ್ಲ.

ಯಾರ ಮಾತು ನಂಬುವುದು?

ಲೆನ್ಜ್ ಕಾಣೆಯಾದ ಮರುತಿಂಗಳೇ, 1894ರ ಜೂನ್‌ನಲ್ಲಿ, ಬಾಸ್ಟನ್ನಿನಿಂದ ಒಬ್ಬ ಮಹಿಳೆ ವಿಶ್ವಪರ್ಯಟನೆಗೆ ಹೊರಟಳು. ಹೆಸರು ಆನಿ ಕೋಹೆನ್ ಕಾಪ್ಚೋವ್‌ಸ್ಕಿ. ಈಗಿನ ಲ್ಯಾಟ್ವಿಯಾದಿಂದ ವಲಸೆ ಬಂದ ಯೆಹೂದಿ ಕುಟುಂಬದವಳು, ಮೂರು ಮಕ್ಕಳ ತಾಯಿ. ‘ಲಂಡನ್‌ಡೆರಿ’ ಎಂಬ ಹೆಸರಿನ ಚಿಲುಮೆ ನೀರಿನ ಕಂಪನಿ ಅವಳಿಗೆ 100 ಡಾಲರ್ ಕೊಟ್ಟು ಸೈಕಲ್ಲಿಗೆ ತನ್ನ ಫಲಕ ಕಟ್ಟಿಸಿತು. ಅವಳು ತನ್ನ ಹೆಸರನ್ನೂ ‘ಆನಿ ಲಂಡನ್‌ಡೆರಿ’ ಎಂದು ಬದಲಿಸಿಕೊಂಡಳು. ಷಿಕಾಗೊ ತಲುಪುವಷ್ಟರಲ್ಲಿ ಭಾರದ ಹೆಂಗಸರ ಸೈಕಲ್ ಬಿಟ್ಟು ಹಗುರವಾದ ಗಂಡಸರ ಸೈಕಲ್ ಹಿಡಿದಳು. ಉದ್ದ ಲಂಗವೂ ಹೋಯಿತು. 1895ರ ಸೆಪ್ಟೆಂಬರಿನಲ್ಲಿ ಪ್ರವಾಸ ಮುಗಿಸಿದಳು.

ಆನಿ ಒಳ್ಳೆಯ ಮಾತುಗಾತಿ. ಊರಿಗೊಂದು ಕಥೆ ಹೇಳುತ್ತಿದ್ದಳು. ಭಾರತದಲ್ಲಿ ಜರ್ಮನ್ ರಾಜಮನೆತನದವರೊಡನೆ ಹುಲಿ ಬೇಟೆಯಾಡಿದ್ದು ಅವುಗಳಲ್ಲೊಂದು. ವಾಸ್ತವವಾಗಿ ಏಷ್ಯಾದ ಬಹುಪಾಲು ದೂರವನ್ನು ಅವಳು ಹಡಗಿನಲ್ಲೇ ದಾಟಿದ್ದಳು. ಅವಳ ಕಥೆಗಳಲ್ಲಿ ಎಷ್ಟು ನಿಜ, ಎಷ್ಟು ಬಣ್ಣ ಎಂದು ಬಿಡಿಸಿ ನೋಡುವ ಕೆಲಸ ನಡೆದದ್ದು ಒಂದು ಶತಮಾನದ ನಂತರ, ಅವಳ ವಂಶದವರೊಬ್ಬರು 2007ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ. ಆದರೆ ಅವಳನ್ನು ಸುಳ್ಳುಗಾತಿ ಎಂದಷ್ಟೇ ಹೇಳಿ ಮುಗಿಸುವುದು ಅನ್ಯಾಯವಾದೀತು. ಅಮೆರಿಕ ಮತ್ತು ಫ್ರಾನ್ಸಿನ ರಸ್ತೆಗಳಲ್ಲಿ ಅವಳು ನಿಜವಾಗಿಯೂ ಸಾವಿರಾರು ಮೈಲಿ ತುಳಿದಿದ್ದಳು. ಆ ಬೆವರಿಗಿಂತ ಹುಲಿಗೆ ಹೆಚ್ಚು ಬೆಲೆ ಎಂದು ಅವಳಿಗೆ ಕಲಿಸಿದ್ದು ಪತ್ರಿಕೆಗಳೇ.

ನಂಬಿಕೆಯ ಪ್ರಶ್ನೆಗೆ ಇನ್ನೊಂದು ಮುಖವೂ ಇದೆ. ಕಥೆ ಹೇಳುವ ಮೊದಲು ಸವಾರಿ ಮಾಡಲು ಬಿಡಬೇಕಲ್ಲ? 1898ರ ಅಕ್ಟೋಬರಿನಲ್ಲಿ ಲೇಡಿ ಹಾರ್ಬರ್ಟನ್ ಎಂಬ ಹಿರಿಯ ಮಹಿಳೆ ಸೈಕಲ್ಲಿನಲ್ಲಿ ಲಂಡನ್ ಹತ್ತಿರದ ಆಕಮ್ ಎಂಬ ಊರಿನ ‘ಹಾಟ್‌ಬಾಯ್’ ಹೋಟೆಲಿಗೆ ಊಟಕ್ಕೆ ಹೋದಳು. ಲಂಗದ ಬದಲು ಸಡಿಲ ಷರಾಯಿ ಧರಿಸಿದ್ದಕ್ಕಾಗಿ ಹೋಟೆಲಿನ ಒಡತಿ ಅವಳನ್ನು ಊಟದ ಕೋಣೆಗೆ ಬಿಡಲಿಲ್ಲ. ಗಂಡಸರು ಕುಡಿಯುವ ಪಕ್ಕದ ಕೋಣೆಯಲ್ಲಿ ಬೇಕಾದರೆ ಕೂರಬಹುದು ಎಂದಳು. ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಈ ಅನುಭವವನ್ನು ದೂರಿನ ಪತ್ರವಾಗಿ ಅಚ್ಚುಹಾಕಿ ಬಿಡದೆ ಕೋರ್ಟಿಗೇ ಒಯ್ದಿತು. 1899ರ ಏಪ್ರಿಲಿನಲ್ಲಿ ತೀರ್ಪು ಹೋಟೆಲಿನ ಪರವಾಯಿತು. ಆದರೂ ಆ ಒಂದು ಊಟದ ಕಥೆ ಇಂಗ್ಲೆಂಡಿನ ತುಂಬ ಚರ್ಚೆಯಾಯಿತು. ಸೋತ ಮೊಕದ್ದಮೆಯೇ ಹೆಂಗಸರ ಉಡುಪಿನ ಪ್ರಶ್ನೆಯನ್ನು ಮನೆಮನೆಗೆ ಮುಟ್ಟಿಸಿತು.

ಅಮೆರಿಕದ ಸಂಘದ ನಡತೆ ಇದಕ್ಕೆ ವಿರುದ್ಧವಾಗಿತ್ತು. ಒಳ್ಳೆಯ ರಸ್ತೆಗಾಗಿ ಹೋರಾಡಿದ ಅದೇ ಲೀಗ್ 1894ರಲ್ಲಿ ಬಿಳಿಯರಿಗಷ್ಟೇ ಸದಸ್ಯತ್ವ ಎಂದು ನಿಯಮ ಮಾಡಿತು. ಮರುವರ್ಷ ಆಸ್ಬರಿ ಪಾರ್ಕ್‌ನಲ್ಲಿ ನಡೆದ ಅದರ ಸಮಾವೇಶಕ್ಕೆ ಬಾಸ್ಟನ್ನಿನ ಹೊಲಿಗೆಯ ಕೆಲಸದ ಕಿಟ್ಟಿ ನಾಕ್ಸ್ ಬಂದಳು. ತಂದೆ ಕಪ್ಪು ವರ್ಣೀಯ, ತಾಯಿ ಬಿಳಿಯಳು. ತಾನೇ ಹೊಲಿದ ಸೈಕಲ್ ಉಡುಪು ತೊಟ್ಟಿದ್ದ ಅವಳು ನಿಯಮಕ್ಕೆ ಮೊದಲೇ, 1893ರಲ್ಲಿ, ಸದಸ್ಯೆಯಾಗಿದ್ದಳು. ಅಲ್ಲಿ ಅವಳನ್ನು ತಡೆದರೆಂದು ಕೆಲವು ಪತ್ರಿಕೆಗಳು, ಆದರದಿಂದ ಕಂಡರೆಂದು ಕೆಲವು ಪತ್ರಿಕೆಗಳು ಬರೆದವು. ಒಂದೇ ದಿನದ ಒಂದೇ ಘಟನೆಗೆ ಎರಡು ವರದಿ! ಅವಳ ಸದಸ್ಯತ್ವವನ್ನು ಸಂಘ ಎತ್ತಿಹಿಡಿದರೂ ನಿಯಮ ಮಾತ್ರ ಹಾಗೆಯೇ ಉಳಿಯಿತು. ಸಂಘದ ಉತ್ತರಾಧಿಕಾರಿಗಳು ಆ ನಿರ್ಣಯವನ್ನು ವಿಧ್ಯುಕ್ತವಾಗಿ ತೊಡೆದುಹಾಕಿದ್ದು 1999ರಲ್ಲಿ. ಹತ್ತೊಂಬತ್ತನೆಯ ಶತಮಾನದ ಸವಾರಿ ಕಥನಗಳ ರಾಶಿಯಲ್ಲಿ ಇಂಥವರ ದನಿ ಯಾಕೆ ಅಷ್ಟು ವಿರಳ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಗೇರಿನ ಜಗಳ

ಫ್ರಾನ್ಸಿನಲ್ಲಿ ಪತ್ರಿಕೆಗಳು ಮತ್ತು ಸೈಕಲ್ಲಿನ ನಂಟು ಇನ್ನೂ ಗಾಢ. 1891ರಲ್ಲಿ ‘ಲ ಪೆತಿ ಜುರ್ನಾಲ್’ ಪತ್ರಿಕೆ ಪ್ಯಾರಿಸ್ಸಿನಿಂದ ಬ್ರೆಸ್ಟ್‌ಗೆ ಹೋಗಿ ಹಿಂದಿರುಗುವ ಸುಮಾರು 1,200 ಕಿ.ಮೀ. ಪಂದ್ಯ ಏರ್ಪಡಿಸಿತು. ಗೆದ್ದ ಷಾರ್ಲ್ ತೆರಾನ್ 71 ಗಂಟೆ 22 ನಿಮಿಷ ತೆಗೆದುಕೊಂಡ. 1903ರಲ್ಲಿ ‘ಲೋಟೊ’ ಪತ್ರಿಕೆಯ ಸಂಪಾದಕ ಆಂರಿ ದೆಗ್ರಾಂಜ್ ಪ್ರಸಾರ ಹೆಚ್ಚಿಸಿಕೊಳ್ಳಲೆಂದೇ ‘ಟೂರ್ ದ ಫ್ರಾನ್ಸ್’ ಆರಂಭಿಸಿದ. ರಸ್ತೆಯುದ್ದಕ್ಕೂ ನಡೆಯುವ ಪಂದ್ಯವನ್ನು ಯಾರೂ ಪೂರ್ತಿ ನೋಡಲಾರರು. ಮರುದಿನದ ಪತ್ರಿಕೆಯಲ್ಲಿ ಓದಿಯೇ ತಿಳಿಯಬೇಕು. ಓದಲಿಕ್ಕಾಗಿಯೇ ಹುಟ್ಟಿದ ಆಟ ಅದು.

ಆದರೆ ಬಿಡುವಿನ ಸವಾರಿಯ ಕಥನವನ್ನು ಹಳೆಯ ಅರ್ಥದಲ್ಲಿ ಉಳಿಸಿ ಬೆಳೆಸಿದವನು ಪಂದ್ಯಗಳಿಗೆ ಬೆನ್ನು ಹಾಕಿದ ಪಾಲ್ ದ ವಿವಿ. ‘ವೆಲೊಸಿಯೊ’ ಅವನ ಕಾವ್ಯನಾಮ. ರೇಷ್ಮೆ ವ್ಯಾಪಾರ ಬಿಟ್ಟು ಸೈಕಲ್ಲಿಗೆ ಒಲಿದ ಈತ ಸೇಂತ್ ಎತಿಯೆನ್ ನಗರದಿಂದ 1887ರಲ್ಲಿ ಒಂದು ಸೈಕಲ್ ಪತ್ರಿಕೆ ಹೊರಡಿಸಿದ. ಮುಂದೆ ‘ಲ ಸಿಕ್ಲಿಸ್ಟ್’ ಎಂದು ಪ್ರಸಿದ್ಧವಾದ ಅದರಲ್ಲಿ ತನ್ನ ಸವಾರಿಗಳನ್ನು ವರ್ಷಾನುಗಟ್ಟಲೆ ಬರೆದ. ಎಷ್ಟು ದೂರ ಹೋದೆ ಎನ್ನುವುದರ ಜೊತೆಗೆ ಏನು ತಿಂದೆ, ಯಾವ ಏರಿಗೆ ಯಾವ ಗೇರು ಹಾಕಿದೆ ಎಂಬುದನ್ನೂ ದಾಖಲಿಸಿದ. ಮಾಂಸ ತಿನ್ನದ ಈ ಮನುಷ್ಯ ತನ್ನ ದೇಹವನ್ನೇ ಪ್ರಯೋಗಶಾಲೆ ಮಾಡಿಕೊಂಡಿದ್ದ.

ಆ ಕಾಲದ ಸೈಕಲ್ಲಿಗೆ ಒಂದೇ ಗೇರು. ಹಲವು ಗೇರುಗಳಿದ್ದರೆ ಸಾಮಾನ್ಯ ಜನರೂ ಬೆಟ್ಟ ಹತ್ತಬಹುದು ಎಂಬುದು ವೆಲೊಸಿಯೊನ ವಾದ. ಗೇರು ಬದಲಿಸುವುದು ನಲವತ್ತೈದು ದಾಟಿದವರಿಗೆ ಎಂದು ದೆಗ್ರಾಂಜ್ 1902ರಲ್ಲೇ ಲೇವಡಿ ಮಾಡಿದ್ದ. ಟೂರ್ ದ ಫ್ರಾನ್ಸ್ ಪಂದ್ಯದಲ್ಲಿ ಗೇರು ಬದಲಿಸುವ ಸಲಕರಣೆಗೆ ಎಲ್ಲರಿಗೂ ಅನುಮತಿ ಸಿಕ್ಕಿದ್ದು 1937ರಲ್ಲಿ. ವೆಲೊಸಿಯೊ ಅದಕ್ಕೆ ಏಳು ವರ್ಷ ಮೊದಲೇ, 1930ರಲ್ಲಿ, ಟ್ರಾಮ್ ಬಡಿದು ತೀರಿಕೊಂಡಿದ್ದ. ಗೆದ್ದದ್ದು ಮಾತ್ರ ಅವನ ವಾದವೇ. ಇಂದು ಮಕ್ಕಳ ಸೈಕಲ್ಲಿನಲ್ಲೂ ಗೇರು ಕಾಣುತ್ತದೆ. ಪ್ರತಿ ರಜಾದಿನದ ಅನುಭವವನ್ನು ತಪ್ಪದೆ ಬರೆದಿಟ್ಟ ಒಬ್ಬ ಸವಾರನ ಹಟ ಅದರ ಹಿಂದಿದೆ.

ಭಾರತದ ಚಕ್ರಗಳು

ಭಾರತದ ರಸ್ತೆಗಳು ಮೊದಲು ಹೊರಗಿನವರ ಕಥನಗಳಲ್ಲೇ ಕಾಣಿಸಿಕೊಂಡವು. ಅಮೆರಿಕದ ಫ್ಯಾನಿ ಬುಲಕ್ ವರ್ಕ್‌ಮನ್ ಮತ್ತು ಪತಿ ವಿಲಿಯಂ ಹಂಟರ್ ವರ್ಕ್‌ಮನ್ ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಕನ್ಯಾಕುಮಾರಿಯಿಂದ ಹಿಮಾಲಯದವರೆಗೆ ಸೈಕಲ್ಲಿನಲ್ಲಿ ಸುತ್ತಿದರು. ದೇಗುಲಗಳನ್ನು ಹುಡುಕುತ್ತ ಸಾಗಿದ 14 ಸಾವಿರ ಮೈಲಿಗಳ ಈ ಪ್ರವಾಸದ ಗ್ರಂಥ 1904ರಲ್ಲಿ ಹೊರಬಂತು.

ಭಾರತೀಯರೇ ಲೋಕ ಸುತ್ತಿ ಬರೆಯುವ ಕಾಲ ಬರಲು ಹೆಚ್ಚು ದಿನ ಹಿಡಿಯಲಿಲ್ಲ. 1923ರ ಅಕ್ಟೋಬರ್ 15ರಂದು ಬೊಂಬಾಯಿಯಿಂದ ಆರು ಪಾರ್ಸಿ ತರುಣರು ಸೈಕಲ್ ಏರಿ ಹೊರಟರು. ಪೂರ್ತಿ ಸುತ್ತಿ 1928ರ ಮಾರ್ಚ್ 18ರಂದು ಮರಳಿದವರು ಮೂವರು: ಆದಿ ಹಕೀಮ್, ಜಾಲ್ ಬಾಪಾಸೋಲಾ ಮತ್ತು ರುಸ್ತುಂ ಭೂಮ್‌ಗಾರಾ. ಕ್ರಮಿಸಿದ ದೂರ 44 ಸಾವಿರ ಮೈಲಿ. 1931ರಲ್ಲಿ ಅವರು ಪ್ರಕಟಿಸಿದ ಪ್ರವಾಸ ಕಥನಕ್ಕೆ ಮುನ್ನುಡಿ ಬರೆದವರು ಜವಾಹರಲಾಲ್ ನೆಹರೂ. ಪರಾಧೀನ ದೇಶದ ಮೂವರು ತರುಣರು ಯಾರ ಹಂಗೂ ಇಲ್ಲದೆ ಕಾಲಿನ ಬಲದಿಂದ ಭೂಮಿ ಸುತ್ತಿದ್ದು ಆ ದಿನಗಳಲ್ಲಿ ಬರಿಯ ಕ್ರೀಡೆಯ ಸುದ್ದಿಯಾಗಿರಲಿಲ್ಲ.

ಅತ್ತ ಕಲ್ಕತ್ತೆಯಿಂದ 1926ರಲ್ಲಿ ಮೂವರು ಸಂಗಾತಿಗಳೊಂದಿಗೆ ಹೊರಟ ಬಿಮಲ್ ಮುಖರ್ಜಿ 1937ರಲ್ಲಿ ಊರು ಸೇರಿದರು. ಅವರ ಬಂಗಾಳಿ ಪುಸ್ತಕ ‘ದು ಚಾಕಾಯ್ ದುನಿಯಾ’, ಅಂದರೆ ‘ಎರಡು ಚಕ್ರದಲ್ಲಿ ಜಗತ್ತು’, ಬೆಳಕು ಕಂಡದ್ದು 1986ರಲ್ಲಿ. ಸವಾರಿ ಮುಗಿದು ಅರ್ಧ ಶತಮಾನವಾಗುತ್ತ ಬಂದಿದ್ದರೂ ಕಥೆಯ ಹಂಬಲ ಆರಿರಲಿಲ್ಲ.

ಚೀಟಿ, ಅಂಕಿ ಮತ್ತು ಮಾತು

ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಈಗ ಪಂದ್ಯವಲ್ಲ. ಹವ್ಯಾಸಿಗಳು 90 ಗಂಟೆಗಳೊಳಗೆ ಮುಗಿಸಬೇಕಾದ ದೂರದ ಸವಾರಿ. ಅದಕ್ಕೆ ಅರ್ಹತೆ ಗಳಿಸಲು ‘ಬ್ರೆವೆ’ ಎಂಬ ಸವಾರಿಗಳಿವೆ. 200 ಕಿ.ಮೀ. ಸವಾರಿಗೆ ಹದಿಮೂರೂವರೆ ಗಂಟೆಯ ಅವಧಿ. ಸವಾರರಿಗೊಂದು ಚೀಟಿ. ನಿಗದಿತ ತಾಣಗಳಲ್ಲಿ ಅದಕ್ಕೆ ಮೊಹರು ಒತ್ತಿಸಿಕೊಳ್ಳಬೇಕು. ಭಾರತದಲ್ಲಿ ಅಂಗಡಿಯ ರಸೀದಿ, ಎಟಿಎಂನಿಂದ ಬರುವ ಚೀಟಿಯೂ ಸಾಕ್ಷಿಯಾಗಿ ನಡೆಯುವುದುಂಟು. ಆನಿಯ ಹುಲಿಯಂಥ ಕಥೆಗಳಿಗೆ ಇಲ್ಲಿ ಅವಕಾಶವಿಲ್ಲ. ಯಾರು ಮೊದಲು ಬಂದರು ಎಂಬುದಕ್ಕೂ ಬೆಲೆಯಿಲ್ಲ. ಬೆಂಗಳೂರಿನಲ್ಲೂ ಈ ಸವಾರಿಗಳು ಬೇರೂರಿವೆ. 2008ರಲ್ಲಿ ಇಲ್ಲಿಂದ ಆರಂಭವಾದ ‘ಟೂರ್ ಆಫ್ ನೀಲಗಿರೀಸ್’ ಸೈಕಲ್ ಯಾತ್ರೆ ದೂರದ ಸವಾರಿಯ ಹವ್ಯಾಸವನ್ನು ಮತ್ತಷ್ಟು ಹರಡಿತು. 2019 ಮತ್ತು 2023ರ ಪ್ಯಾರಿಸ್ ಸವಾರಿಗಳಿಗೆ ಭಾರತದಿಂದ ನೂರಾರು ಮಂದಿ ಹೋಗಿದ್ದರು.

ಈ ನಡುವೆ ಕಥೆ ಹೇಳುವ ಕೆಲಸವನ್ನು ಯಂತ್ರವೂ ವಹಿಸಿಕೊಂಡಿದೆ. 2009ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಸ್ಟ್ರಾವಾ’ದಂಥ ವ್ಯವಸ್ಥೆಗಳು ಉಪಗ್ರಹದ ನೆರವಿನಿಂದ ದೂರ, ವೇಗ, ಏರಿದ ಎತ್ತರಗಳನ್ನು ತಾವೇ ದಾಖಲಿಸಿ ಗೆಳೆಯರಿಗೆ ತೋರಿಸುತ್ತವೆ. ಈ ದಾಖಲೆ ಎಷ್ಟು ನಿಖರವೆಂದರೆ, ಅಂಥ ಸಂಸ್ಥೆ ಪ್ರಕಟಿಸಿದ ನಕ್ಷೆಯಲ್ಲಿ ಓಟ ಮತ್ತು ಸವಾರಿಯ ಗೆರೆಗಳು ಸೈನಿಕ ನೆಲೆಗಳ ಗುಟ್ಟನ್ನು ಹೊರಹಾಕುತ್ತಿವೆ ಎಂದು 2018ರ ಜನವರಿಯಲ್ಲಿ ಬೆಳಕಿಗೆ ಬಂದು ಜಗತ್ತಿನಾದ್ಯಂತ ಗದ್ದಲವಾಯಿತು. ಕಾರ್ಲ್ ಕ್ರಾನ್ ವರ್ಷಗಟ್ಟಲೆ ಕೈಯಲ್ಲಿ ಬರೆದ ಲೆಕ್ಕ ಇಂದು ಗುಂಡಿ ಒತ್ತಿದರೆ ಸಿದ್ಧ.

ಆದರೂ ಅಂಕಿಗಳು ಹೇಳದೆ ಉಳಿಸುವುದು ಬಹಳ. ಒಂದು ಗುಡ್ಡವನ್ನು ಇಷ್ಟು ನಿಮಿಷದಲ್ಲಿ ಹತ್ತಿದರು ಎಂದು ನಕ್ಷೆ ಹೇಳೀತು. ಮಳೆ ಬಂದರೆ ಆ ತಿರುವು ಜಾರುತ್ತದೆ, ಮುಂದಿನ ಹಳ್ಳಿಯಲ್ಲಿ ಕೇಳಿದರೆ ನೀರು ಕೊಡುತ್ತಾರೆ, ಕತ್ತಲಾದ ಮೇಲೆ ಒಬ್ಬರೇ ಹೋಗುವ ದಾರಿಯಲ್ಲ ಎಂದು ಹೇಳಲು ಮನುಷ್ಯರೇ ಬೇಕು. ವೇಗದ ಪಟ್ಟಿಯಲ್ಲಿ ಓದುವವರು ಎದುರಾಳಿಗಳು. ಹಳೆಯ ಸಂಘದ ಪತ್ರಿಕೆಯಲ್ಲಿ ಅವರು ಹಿಂದೆ ಬರುವ ಜೊತೆಗಾರರು. ಲೆನ್ಜ್‌ನನ್ನು ಹುಡುಕಿಕೊಂಡು ಒಬ್ಬ ಸವಾರ ಭೂಮಿಯ ಇನ್ನೊಂದು ಬದಿಗೆ ಹೋದದ್ದು, ಒಂದು ಊಟಕ್ಕಾಗಿ ಒಂದು ಸಂಘ ಕೋರ್ಟಿನ ಮೆಟ್ಟಿಲು ಹತ್ತಿದ್ದು ಈ ಜೊತೆಗಾರಿಕೆಯ ಬಲದಿಂದ.

ಭಾನುವಾರ ಬೆಳಿಗ್ಗೆ ಊರಾಚೆಯ ಚಹಾದಂಗಡಿಯ ಗೋಡೆಗೆ ಸೈಕಲ್ ಒರಗಿಸಿ, ಬೆವರು ಒರೆಸಿಕೊಳ್ಳುತ್ತ ಯಾರಾದರೂ ‘ಮುಂದೆ ಸೇತುವೆ ಹತ್ತಿರ ರಸ್ತೆ ಕಿತ್ತುಹೋಗಿದೆ, ನಿಧಾನ’ ಎಂದು ಹೇಳಿದರೆ, ಅದೂ ಈ ಹಳೆಯ ಕಥನದ ಒಂದು ಸಾಲೇ.